ಕಡಲ ತಳದ ಚಿಪ್ಪಿನಲ್ಲಿ ಹಳೆಯ ಮುಂಗಾರಿನ ಗುರುತು

ಪ್ರಶ್ನೆ: ಆಳ ಸಮುದ್ರದ ಕೆಸರಿನಲ್ಲಿ ಸಿಗುವ ಅತಿ ಚಿಕ್ಕ ಚಿಪ್ಪುಗಳಿಂದ ಸಾವಿರಾರು ವರ್ಷಗಳ ಹಿಂದಿನ ಹವಾಮಾನವನ್ನೂ ಮುಂಗಾರನ್ನೂ ತಿಳಿಯಬಹುದು ಎಂದು ಓದಿದೆ. ಆಗ ಉಷ್ಣಮಾಪಕವೂ ಇರಲಿಲ್ಲ, ಮಳೆಮಾಪಕವೂ ಇರಲಿಲ್ಲ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಕುಮಟಾ

ಉತ್ತರ: ನೀವು ಓದಿರುವುದು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ವಿಷಯವಿರಬೇಕು. ಇವುಗಳಲ್ಲಿ ನೀರಿನಲ್ಲಿ ತೇಲುತ್ತ ಬದುಕುವ ಪ್ರಭೇದಗಳು ಇಂದು ಸುಮಾರು 50 ಇವೆ. ಅವು ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ತೆಗೆದುಕೊಂಡು ಕೋಣೆಗೆ ಕೋಣೆ ಸೇರಿಸುತ್ತ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಆ ಚಿಪ್ಪು ತಳಕ್ಕಿಳಿದು ಪದರ ಪದರವಾಗಿ ಶೇಖರವಾಗುತ್ತದೆ. ಸಾಮಾನ್ಯವಾಗಿ ನಾಲ್ಕೈದು ಕಿಲೋಮೀಟರ್‌ಗಿಂತ ಆಳಕ್ಕೆ ಹೋದರೆ ಸುಣ್ಣ ಕರಗಿಬಿಡುವುದರಿಂದ ಅಲ್ಲಿ ಇವು ಉಳಿಯುವುದಿಲ್ಲ.

ತಳದಿಂದ ಕೊಳವೆಯಲ್ಲಿ ತೆಗೆದ ಕೆಸರನ್ನು ನೀರಿನಲ್ಲಿ ನೆನೆಸಿ, 63 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಕಣ್ಣಿನ ಜರಡಿಯಲ್ಲಿ ತೊಳೆದು ಒಣಗಿಸಿದರೆ ಸಣ್ಣ ರವೆಯಂಥ ಬಿಳಿ ಪುಡಿ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಆ ರವೆಯ ಒಂದೊಂದು ಕಾಳೂ ಒಂದೊಂದು ಕಟ್ಟಡ. ಗ್ಲೋಬಿಜೆರೈನಾ ಬುಲ್ಲಾಯ್ಡಿಸ್ ಎಂಬುದನ್ನು ನೋಡಿ: ನಾಲ್ಕು ದುಂಡು ಕೋಣೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ಅಗಲವಾಗಿ ತೆರೆದ ಬಾಯಿ. ಒದ್ದೆ ಮಾಡಿದ ಕುಂಚದ ತುದಿಯಿಂದ ಇಂಥವನ್ನು ಒಂದೊಂದಾಗಿ ಎತ್ತಿ ಎಣಿಸುವುದೇ ಈ ವಿದ್ಯೆಯ ಬಹುಪಾಲು ದುಡಿಮೆ, ಮತ್ತು ಅದಕ್ಕೆ ಬೇಕಾದ ತಾಳ್ಮೆಯನ್ನು ನಾನು ಬಹಳ ಗೌರವಿಸುತ್ತೇನೆ.

ಇನ್ನು ತಾಪಮಾನದ ಮಾತು. ಚಿಪ್ಪಿನಲ್ಲಿರುವ ಆಮ್ಲಜನಕದಲ್ಲಿ ಹಗುರವಾದ 16 ಮತ್ತು ಭಾರವಾದ 18 ಎಂಬ ರೂಪಗಳಿವೆ. ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ ಭಾರದ ಪಾಲು ಹೆಚ್ಚು. ಭೂವಿಜ್ಞಾನಿ ಚೆಸಾರೆ ಎಮಿಲಿಯಾನಿ 1955ರಲ್ಲಿ ಇದೇ ಲೆಕ್ಕದಿಂದ ಹಿಮಯುಗಗಳ ಸಮುದ್ರ ತಾಪಮಾನವನ್ನು ಅಂದಾಜು ಮಾಡಿದರು. ಆದರೆ ಇಲ್ಲೊಂದು ತೊಡಕಿದೆ. ಹಗುರ ಆಮ್ಲಜನಕವುಳ್ಳ ನೀರು ಸುಲಭವಾಗಿ ಆವಿಯಾಗುತ್ತದೆ, ಹಿಮಯುಗದಲ್ಲಿ ಆ ಆವಿ ಹಿಮವಾಗಿ ಬಿದ್ದು ನೆಲದ ಮೇಲೆಯೇ ಉಳಿಯುತ್ತದೆ, ಹೀಗಾಗಿ ತಾಪಮಾನ ಬದಲಾಗದಿದ್ದರೂ ಕಡಲ ನೀರೇ ಭಾರವಾಗುತ್ತದೆ. ಹಾಗಾದರೆ ಚಿಪ್ಪು ಹೇಳುತ್ತಿರುವುದು ಚಳಿಯನ್ನೋ ಹಿಮವನ್ನೋ? 1967ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ನಿಕೊಲಾಸ್ ಶ್ಯಾಕಲ್ಟನ್ ಇದಕ್ಕೆ ಉತ್ತರವನ್ನು ತಳದಲ್ಲಿ ವಾಸಿಸುವ ಫೊರಾಮಿನಿಫೆರಾಗಳಲ್ಲಿ ಹುಡುಕಿದರು. ಆಳದ ನೀರು ಈಗಲೇ ಹೆಪ್ಪುಗಟ್ಟುವ ಮಟ್ಟಕ್ಕೆ ಹತ್ತಿರವಿರುವುದರಿಂದ ಅದು ಹಿಮಯುಗದಲ್ಲಿ ಇನ್ನೂ ಬಹಳ ತಣ್ಣಗಾಗಿರಲು ಆಸ್ಪದವಿಲ್ಲ. ಆದರೂ ಅಲ್ಲಿನ ಚಿಪ್ಪುಗಳಲ್ಲಿ ಮೇಲಿನವುಗಳಷ್ಟೇ ಏರಿಳಿತ ಕಂಡುಬಂದರೆ ಅದರ ಬಹುಪಾಲು ಹಿಮದ್ದೇ ಆಗಿರಬೇಕು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ತರ್ಕ ವಿಜ್ಞಾನದಲ್ಲಿ ಅಪರೂಪ. ಈಗ ಚಿಪ್ಪಿನಲ್ಲಿರುವ ಮೆಗ್ನೀಸಿಯಂ ಪ್ರಮಾಣವನ್ನೂ ಅಳೆದು ತಾಪಮಾನವನ್ನು ಬೇರೆಯಾಗಿಯೇ ತಿಳಿಯುತ್ತಾರೆ.

ಮುಂಗಾರಿನ ಗುರುತು ಮೇಲೆ ಹೇಳಿದ ಬುಲ್ಲಾಯ್ಡಿಸ್‌ನಲ್ಲಿದೆ. ನಿಮ್ಮೂರಿಗೆ ಮಳೆ ತರುವ ನೈಋತ್ಯದ ಗಾಳಿಯೇ ಅದಕ್ಕೂ ಮುಂಚೆ ಸೊಮಾಲಿಯಾ ಮತ್ತು ಒಮಾನ್ ಕರಾವಳಿಯ ಉದ್ದಕ್ಕೂ ಬೀಸಿ, ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿ ಬರುತ್ತದೆ, ಅಂಥ ನೀರಿನಲ್ಲಿ ಈ ಜೀವಿ ಹುಲುಸಾಗಿ ಬೆಳೆಯುತ್ತದೆ. ಆದ್ದರಿಂದ ಒಮಾನ್ ಬಳಿಯ ಕೆಸರಿನ ಯಾವ ಪದರದಲ್ಲಿ ಇದರ ಪಾಲು ಹೆಚ್ಚಿದೆಯೋ ಆ ಕಾಲದಲ್ಲಿ ಗಾಳಿ ಬಲವಾಗಿತ್ತು ಎನ್ನಬಹುದು. ಸುಮಾರು 9,000 ವರ್ಷಗಳ ಹಿಂದಿನ ಪದರಗಳಲ್ಲಿ ಅದು ಹೇರಳವಾಗಿದೆ. ಪದರದ ವಯಸ್ಸು ಅದೇ ಚಿಪ್ಪುಗಳಲ್ಲಿರುವ, ಗೊತ್ತಾದ ವೇಗದಲ್ಲಿ ಕ್ಷಯಿಸುತ್ತ ಹೋಗುವ ಇಂಗಾಲ-14 ಎಷ್ಟು ಉಳಿದಿದೆ ಎಂಬುದರಿಂದ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಈ ಎಣಿಕೆ ನೇರವಾಗಿ ಹೇಳುವುದು ಗಾಳಿಯ ಬಲವನ್ನೇ ಹೊರತು ಘಟ್ಟದ ಮೇಲೆ ಎಷ್ಟು ಮಳೆ ಸುರಿಯಿತು ಎಂಬುದನ್ನಲ್ಲ. ಮಳೆಯನ್ನು ತಿಳಿಯಲು ಗುಹೆಗಳಲ್ಲಿ ಬೆಳೆದ ಸುಣ್ಣದ ಕಂಬಗಳನ್ನೂ ಹಳೆಯ ಸರೋವರಗಳ ಹೂಳನ್ನೂ ಇದರ ಜೊತೆಗಿಟ್ಟು ಓದಬೇಕಾಗುತ್ತದೆ.