ದವಡೆಗೆ ತಂತಿ ಬಿಗಿದ ತಮ್ಮನನ್ನು ಯಾರು ನೋಡಿಕೊಳ್ಳಬೇಕು?

ದವಡೆ ಮುರಿದ 19 ವರ್ಷದ ತಮ್ಮನಿಗೆ ಪುಣೆಯಲ್ಲೇ ಹಗಲು ನರ್ಸ್ ಇಡಬೇಕೇ, ಹುಬ್ಬಳ್ಳಿಗೆ ಕರೆದೊಯ್ಯಬೇಕೇ ಎಂದು ಕೇಳಿದ್ದೀರಿ. ನಾನು ಡೊಂಬಿವಲಿಯವಳು. ಬೈಕಿನಿಂದ ಬಿದ್ದು ದವಡೆ ಮುರಿದಾಗ ನನ್ನ ಮಗನಿಗೆ 18. ಬಾಯಿ ತೆರೆಯದಂತೆ ಅವನ ಮೇಲಿನ, ಕೆಳಗಿನ ಹಲ್ಲುಗಳನ್ನೂ ತಂತಿಯಿಂದ ಬಿಗಿದಿದ್ದರು.

ಮುಂಬೈಯ ಆಸ್ಪತ್ರೆಯಿಂದ ಹೊರಡುವಾಗ ಸಿಸ್ಟರ್ ಮೂರು ಸಲ ಹೇಳಿದ್ದರು, ಮಲಗಿದಾಗಲೂ ತಲೆ ಎತ್ತರದಲ್ಲಿರಲಿ ಎಂದು. ಊತ ಇಳಿಯಲೆಂದು ಹೇಳುತ್ತಿದ್ದಾರೆ ಎಂದುಕೊಂಡೆ. ತಪ್ಪಾದದ್ದು ಅಲ್ಲೇ. ಏಕೆ ಎಂದು ನಾನು ಕೇಳಲಿಲ್ಲ. ಐದನೆಯ ರಾತ್ರಿಗೆ ಊತ ಇಳಿದಿತ್ತು. ‘ಅಮ್ಮಾ, ಕುತ್ತಿಗೆ ನೋವು’ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದ. ಸೊರಗಿದ ಹುಡುಗನಿಗೆ ಒಂದು ಲೋಟ ಹಾಲು ಪೂರ್ತಿ ಕುಡಿಸಿ, ಮೂರು ದಿಂಬುಗಳಲ್ಲಿ ಎರಡನ್ನು ತೆಗೆದೆ.

ರಾತ್ರಿ ಒಂದು ಗಂಟೆಗೆ ಗೊರಗೊರ ಸದ್ದು. ಹಲ್ಲುಗಳನ್ನು ಕಟ್ಟಿಹಾಕಿದ್ದರಿಂದ ವಾಂತಿ ಉಗುಳಲು ಅವನಿಗೆ ದಾರಿಯೇ ಇರಲಿಲ್ಲ. ಎಬ್ಬಿಸಿ ಕೂರಿಸಿ ಮುಂದಕ್ಕೆ ಬಗ್ಗಿಸಿದೆ. ಕಡೆಹಲ್ಲಿನ ಹಿಂದಿನ ಸಂದಿಯಿಂದ ಹಾಲು ಇಳಿದು ನನ್ನ ಸೆರಗು ನೆನೆಯಿತು. ಮಂಚದ ತಲೆಗೆ ಕಟ್ಟಿದ್ದ ತಂತಿ ಕತ್ತರಿಸುವ ಇಕ್ಕಳ ಬೇಕಾಗಲಿಲ್ಲ. ಆದರೆ ಅಷ್ಟರೊಳಗೆ ಸ್ವಲ್ಪ ಶ್ವಾಸಕೋಶಕ್ಕೆ ಇಳಿದಿತ್ತು. ಮರುದಿನ ಸಂಜೆ ಜ್ವರ, ನ್ಯುಮೋನಿಯಾ, ಮತ್ತೆ ಆರು ದಿನ ಆಸ್ಪತ್ರೆ. ತಲೆ ಎತ್ತರದಲ್ಲಿದ್ದು ಮುಂದಕ್ಕೆ ಬಗ್ಗಿದರೆ ಬಂದದ್ದು ಹೊರಕ್ಕೆ ಹರಿಯುತ್ತದೆ, ಅಂಗಾತ ಮಲಗಿದ್ದರೆ ಉಸಿರಿನ ದಾರಿ ಹಿಡಿಯಬಹುದು. ಅವನ ಕುತ್ತಿಗೆ ನೋವಿಗೆ ಮರುಗಿ ನಾನು ಅವನ ಉಸಿರನ್ನೇ ಮರೆತೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಹಗಲಿಗೆ ನರ್ಸ್ ಬೇಡ. ಸೋಸಿದ ರಾಗಿ ಅಂಬಲಿ, ಬೇಳೆಕಟ್ಟುಗಳನ್ನು ರಬ್ಬರ್ ನಳಿಗೆ ಸಿಕ್ಕಿಸಿದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಹನಿಸುವುದನ್ನು ನೀವೇ ಎರಡು ದಿನದಲ್ಲಿ ಕಲಿಯುತ್ತೀರಿ. ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಕೊಡಿ, ಪ್ರತಿ ಸಲವೂ ಬಾಯಿ ತೊಳೆಸಿ, ಒಣಗಿದ ತುಟಿಗೆ ವ್ಯಾಸಲೀನ್ ಹಚ್ಚಿ. ದುಡ್ಡು ಕೊಡುವುದಿದ್ದರೆ ಮೊದಲ ವಾರ ರಾತ್ರಿ ಎಚ್ಚರವಿರುವವರಿಗೆ ಕೊಡಿ. ಯಾರೂ ಸಿಗದಿದ್ದರೆ ನೀವೇ ಎಚ್ಚರವಿರಿ. ಹುಬ್ಬಳ್ಳಿಯ ಯೋಚನೆಯನ್ನು ಸದ್ಯಕ್ಕೆ ಬಿಡಿ. ತಂತಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ, ಕಟ್ಟಿದ ವೈದ್ಯರೇ ನಡುನಡುವೆ ನೋಡಬೇಕು. ಉಸಿರು ಕಟ್ಟಿದರೆ ಯಾವ ತಂತಿಯನ್ನು ಕತ್ತರಿಸಬೇಕೆಂದು ಮನೆಗೆ ಹೊರಡುವ ಮುನ್ನ ಅವರಿಂದ ಕೈಯಿಟ್ಟು ತೋರಿಸಿಕೊಳ್ಳಿ.

ಅವನು ಕೂಗಿ ಕರೆಯಲಾರ. ನನ್ನ ಮಗ ಆಮೇಲೆ ದೇವರ ಮನೆಯ ಗಂಟೆಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದ.