ಪ್ರತಿಕ್ರಿಯೆ: ಕಡಲ ಬದಿಯ ಕಾಂಕ್ರೀಟ್ ಅಂಗಳಕ್ಕೆ ಯಾವ ಸೀಲರ್?

ವಾಸ್ಕೋದಲ್ಲಿ ಕಡಲಿಗೆ ಹತ್ತಿರವಿರುವ ನಿಮ್ಮ ಮನೆಯ ಕಾಂಕ್ರೀಟ್ ಅಂಗಳಕ್ಕೆ ಹೊಳಪಿನ ಅಕ್ರಿಲಿಕ್ ಲೇಪನ ಸಾಕೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಮೇಲ್ಮೈಯಲ್ಲಿ ಪೊರೆಯಾಗಿ ಕೂರುವ ಅಂಥ ಲೇಪನದ ಅಡಿಯಲ್ಲಿ ನೆಲದಿಂದ ಏರುವ ತೇವ ಸಿಕ್ಕಿಕೊಂಡು, ಅದು ಬಿಳಿಚಿಕೊಂಡು ಸುಲಿಯಬಹುದು. ಮಳೆಯಲ್ಲಿ ಜಾರುವ ಭಯವೂ ಇದೆ. ಅದರ ಬದಲು ಸಿಲೇನ್-ಸಿಲೋಕ್ಸೇನ್ ಸೀಲರ್ (ನೀರನ್ನು ತಡೆಯುವ, ಸಿಲಿಕಾನ್ ಆಧಾರಿತ ದ್ರವ) ಬಳಸಿ. ಅದು ಕಾಂಕ್ರೀಟಿನ ರಂಧ್ರಗಳೊಳಗೆ ಇಳಿದು, ಒಳಗಿನ ಆವಿಯನ್ನು ಹೊರಬಿಡುತ್ತಲೇ ಮಳೆನೀರನ್ನೂ, ಅದರೊಡನೆ ಒಳನುಗ್ಗಿ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುವ, ಕಡಲಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡನ್ನೂ ಬಹುಮಟ್ಟಿಗೆ ತಡೆಯುತ್ತದೆ. ಹೊಸ ಕಾಂಕ್ರೀಟಾದರೆ 28 ದಿನ ಕಾಯಿರಿ. ಬಿರುಕುಗಳನ್ನು ಮೊದಲೇ ತುಂಬಿಸಬೇಕು, ಏಕೆಂದರೆ ಅಂಗಡಿಯವರು ಏನೇ ಹೇಳಲಿ, ಈ ಸೀಲರ್ ಅವನ್ನು ಮುಚ್ಚುವುದಿಲ್ಲ. ಪಾಚಿಯನ್ನೂ ಉಪ್ಪನ್ನೂ ಸಿಹಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಬಳಿಸಿರಿ. ಮುಂದೆ ಹನಿಸಿದ ನೀರು ಬೇಗನೆ ಇಂಗಿ ಕಾಂಕ್ರೀಟ್ ಕಪ್ಪಾಗತೊಡಗಿದರೆ ಮತ್ತೊಮ್ಮೆ ಬಳಿಸಬೇಕಾಗುತ್ತದೆ.