ಚಾರ್ಜ್ ಎಲ್ಲಿ ಸೋರುತ್ತಿದೆ? ಮೂರು ರಾತ್ರಿ ಲೆಕ್ಕ ಇಡಿ, ಆಮೇಲೆ ಬ್ಯಾಟರಿ ಮಾತು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಬೈಲ್ ಬ್ಯಾಟರಿಯದ್ದೇ. ಬೇಸಿಗೆ ಬಂತು ಅಂದ್ರೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಈ ದೂರು ಜೋರಾಗುತ್ತದೆ. ಅದಕ್ಕೆ ಕಾರಣವೂ ಇದೆ, ಕೆಳಗೆ ಬರೆದಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿಕೊಂಡಿದ್ದೇನೆ. ಒಂದು ಪ್ರಶ್ನೆ ಮಾತ್ರ ಕಾಯುವಂಥದ್ದಲ್ಲ, ಅದನ್ನು ಮೊದಲು ತಗೊಳ್ಳುತ್ತೇನೆ.

ಪ್ರಶ್ನೆ: ಫೋನಿನ ಹಿಂದಿನ ಮುಚ್ಚಳ ಒಂದು ಕಡೆ ಮೇಲೆದ್ದಿದೆ. ಫೋನ್ ಚೆನ್ನಾಗಿಯೇ ನಡೆಯುತ್ತಿದೆ. ಸಂಬಳ ಆಗುವವರೆಗೆ ಹೀಗೇ ಬಳಸಬಹುದಾ? (ವಿದ್ಯಾನಗರ, ದಾವಣಗೆರೆ)

ಬೇಡ. ಒಂದು ದಿನವೂ ಬೇಡ. ಒಳಗೆ ಬ್ಯಾಟರಿ ಊದಿಕೊಂಡಿದೆ. ಅದರೊಳಗಿನ ರಾಸಾಯನಿಕ ಕೆಟ್ಟು ಗ್ಯಾಸ್ ತುಂಬಿದೆ ಅಂತ ಅರ್ಥ. ಫೋನ್ ಸ್ವಿಚ್ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ. ಪಿನ್ನಿಂದ ಚುಚ್ಚಿ ಗಾಳಿ ಬಿಡುವವರನ್ನೂ ನೋಡಿದ್ದೇನೆ, ಅದಂತೂ ಕೈಯಲ್ಲೇ ಬೆಂಕಿ ಹಚ್ಚಿಕೊಂಡ ಹಾಗೆ. ಹಾಸಿಗೆ, ಬಟ್ಟೆ, ಕಾಗದದ ಹತ್ತಿರ ಇಡದೆ, ಇವತ್ತೇ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಫೋಟೋ, ನಂಬರು ಎಲ್ಲ ಫೋನಿನ ಮೆಮೊರಿಯಲ್ಲೇ ಇರುತ್ತವೆ. ಬ್ಯಾಟರಿ ಬದಲಿಸಿದರೆ ಅವು ಹೋಗುವುದಿಲ್ಲ, ಆ ಭಯ ಬೇಡ. ಹಳೇ ಬ್ಯಾಟರಿಯನ್ನು ಅವರಿಗೇ ಕೊಟ್ಟು ಬನ್ನಿ, ಮನೆ ಕಸದ ಬುಟ್ಟಿಗೆ ಹಾಕಬೇಡಿ.

ಪ್ರಶ್ನೆ: ನಾನು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಫೋನ್ ತಗೊಂಡು ಹತ್ತು ತಿಂಗಳಾಯಿತು, 5000 ಎಂಎಎಚ್ ಬ್ಯಾಟರಿ. ಮೊದಲು ರಾತ್ರಿವರೆಗೂ ಬರುತ್ತಿತ್ತು. ಈಗ ಮಧ್ಯಾಹ್ನ ಮೂರಕ್ಕೆಲ್ಲ 20 ಪರ್ಸೆಂಟಿಗೆ ಇಳಿಯುತ್ತದೆ. ರಿಪೇರಿ ಅಂಗಡಿಯವರು ಬ್ಯಾಟರಿ ಹೋಗಿದೆ, ಬದಲಿಸಿ ಅಂದರು. ಬದಲಿಸಲಾ? (ಪಿ.ಜೆ. ಬಡಾವಣೆ, ದಾವಣಗೆರೆ)

ಸ್ವಲ್ಪ ತಡೀರಿ ಅಕ್ಕಾ. ಹತ್ತು ತಿಂಗಳಿಗೆ ಬ್ಯಾಟರಿ ಹೋಗುವುದು ಅಪರೂಪ. ಒಳ್ಳೆಯ ಫೋನಿನ ಬ್ಯಾಟರಿ ಕಡಿಮೆ ಅಂದ್ರೂ 500 ಸಲ ಪೂರ್ತಿ ತುಂಬಿ ಖಾಲಿಯಾದ ಮೇಲೂ ಮೊದಲಿನ 80 ಪರ್ಸೆಂಟ್ ಹಿಡಿಯುವಂತೆ ಮಾಡಿರುತ್ತಾರೆ. ದಿನಕ್ಕೊಂದು ಸಲ ಅಂದರೂ ನಿಮ್ಮದು ಸುಮಾರು 300 ಆಗಿದೆ. ಅರ್ಧ ಅರ್ಧ ಎರಡು ಸಲ ಹಾಕಿದರೆ ಅದನ್ನು ಒಂದು ಅಂತಲೇ ಲೆಕ್ಕ ಹಿಡಿಯಬೇಕು. ಹಾಗಾಗಿ ತೊಟ್ಟಿ ಸಣ್ಣದಾಗಿದೆ ಅನ್ನುವುದಕ್ಕಿಂತ ಎಲ್ಲೋ ನಲ್ಲಿ ತೆರೆದಿದೆ ಅನ್ನುವುದೇ ಹೆಚ್ಚು ನಿಜ ಇರಬೇಕು. ಯಾವ ನಲ್ಲಿ ಅಂತ ಗೊತ್ತಾಗಬೇಕಾದರೆ ಅಳೆಯಬೇಕು. ನೀವು ಲೆಕ್ಕ ಬರೆಯುವವರು, ಇದು ನಿಮಗೆ ಸುಲಭ.

ಮೂರು ರಾತ್ರಿ ಸಾಕು. ಮಲಗುವಾಗ ಎಷ್ಟು ಪರ್ಸೆಂಟ್ ಇದೆ, ಎದ್ದಾಗ ಎಷ್ಟಿದೆ ಬರೆದಿಡಿ, ಮಧ್ಯೆ ಚಾರ್ಜಿಗೆ ಹಾಕಬೇಡಿ. ಮೊದಲ ರಾತ್ರಿ ಫೋನನ್ನು ದಿನಾ ಹೇಗಿರುತ್ತದೋ ಹಾಗೇ ಬಿಡಿ. ಎರಡನೇ ರಾತ್ರಿ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ, ಸಿಮ್ ಮಾತ್ರ ನಡೆಯಲಿ. ಮೂರನೇ ರಾತ್ರಿ ಏರೋಪ್ಲೇನ್ ಮೋಡ್. ಅವತ್ತು ಯಾರ ಕಾಲೂ ಬರುವುದಿಲ್ಲ, ಮನೆಯಲ್ಲಿ ಹುಷಾರಿಲ್ಲದವರಿದ್ದರೆ ಬೇರೆ ದಿನ ಮಾಡಿ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏರೋಪ್ಲೇನ್ ಮೋಡ್‌ನಲ್ಲಿ ಎಂಟು ಗಂಟೆಗೆ ಎರಡು ಮೂರು ಪರ್ಸೆಂಟ್ ಇಳಿದರೆ ಬ್ಯಾಟರಿ ಚೆನ್ನಾಗಿಯೇ ಇದೆ. ಮೊದಲ ರಾತ್ರಿ 20 ಇಳಿದು, ಡೇಟಾ ಆಫ್ ಮಾಡಿದ ರಾತ್ರಿ 4 ಇಳಿದರೆ ಯಾವುದೋ ಆಪ್ ಒಳಗೊಳಗೇ ಇಂಟರ್ನೆಟ್ ಬಳಸುತ್ತಿದೆ. ಡೇಟಾ ಆಫ್ ಇದ್ದರೂ ಜಾಸ್ತಿ ಇಳಿದು, ಏರೋಪ್ಲೇನ್ ಮೋಡ್‌ನಲ್ಲಿ ನಿಂತರೆ ನಿಮ್ಮನೆಯಲ್ಲಿ ಟವರ್ ಸರಿಯಾಗಿ ಸಿಗುತ್ತಿಲ್ಲ. ಮೂರೂ ರಾತ್ರಿ ಒಂದೇ ಥರ ಜೋರಾಗಿ ಇಳಿದರೆ ಆಗ ಬ್ಯಾಟರಿ ಮೇಲೆ, ಇಲ್ಲವೇ ಇಂಟರ್ನೆಟ್ ಇಲ್ಲದೆಯೂ ಫೋನನ್ನು ಎಬ್ಬಿಸುವ ಆಪ್ ಮೇಲೆ ಅನುಮಾನ ಪಡಬೇಕು.

ಆಪ್ ಅಂತ ಗೊತ್ತಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ಬ್ಯಾಟರಿ ಒತ್ತಿ, ಬ್ಯಾಟರಿ ಬಳಕೆ ಅನ್ನುವ ಪಟ್ಟಿ ತೆಗೆಯಿರಿ. ಇಲ್ಲಿ ಬಹಳ ಜನ ತಪ್ಪು ಓದುತ್ತಾರೆ. ಯೂಟ್ಯೂಬ್ ಮುಂದೆ 30 ಇದೆ ಅಂದಕೂಡಲೇ ಅದೇ ಕಳ್ಳ ಅಂದುಕೊಳ್ಳುತ್ತಾರೆ. ಬಹಳ ಫೋನುಗಳಲ್ಲಿ ಅದು ಇಡೀ ಬ್ಯಾಟರಿಯ 30 ಅಲ್ಲ, ಖರ್ಚಾದ ಚಾರ್ಜಿನಲ್ಲಿ 30 ಪಾಲು. ನೀವು ಮೂರು ಗಂಟೆ ನೋಡಿದ್ದರೆ ಅದು ತಿನ್ನಲೇಬೇಕು. ನೋಡಬೇಕಾದ್ದು ಪಾಲನ್ನಲ್ಲ, ಆಪ್ ಒತ್ತಿದಾಗ ಕಾಣುವ ಸಮಯವನ್ನು. ಸ್ಕ್ರೀನ್ ಮೇಲೆ ಎಷ್ಟು ಹೊತ್ತು ಇತ್ತು, ಹಿನ್ನೆಲೆಯಲ್ಲಿ ಎಷ್ಟು ಹೊತ್ತು ನಡೆಯಿತು ಅಂತ ಅಲ್ಲಿ ಬೇರೆ ಬೇರೆ ತೋರಿಸುತ್ತದೆ. ನೀವು ಎರಡು ನಿಮಿಷ ತೆರೆದ ಆಪ್ ಹಿನ್ನೆಲೆಯಲ್ಲಿ ಏಳು ಗಂಟೆ ಓಡಿದ್ದರೆ ಸಿಕ್ಕಿಬಿತ್ತು ಅಂತಲೇ.

ನಮ್ಮ ಅಮ್ಮನ ಫೋನಿನಲ್ಲಿ ಹೀಗೇ ಆಗಿತ್ತು. ರಾತ್ರಿ ಮಲಗಿ ಏಳುವುದರಲ್ಲಿ 23 ಪರ್ಸೆಂಟ್ ಹೋಗುತ್ತಿತ್ತು. ಪಟ್ಟಿ ತೆಗೆದು ನೋಡಿದರೆ ರಾಹುಕಾಲ ತೋರಿಸುವ ಒಂದು ಆಪ್. ಬೆಳಗ್ಗೆ ಒಂದೇ ನಿಮಿಷ ನೋಡುತ್ತಿದ್ದರು, ಅದು ರಾತ್ರಿಯಿಡೀ ಲೊಕೇಶನ್ ಕೇಳುತ್ತಾ ಜಾಹೀರಾತು ತರಿಸಿಕೊಳ್ಳುತ್ತಾ ಕೂತಿತ್ತು. ತೆಗೆದು ಹಾಕಿದೆ, ಮರುದಿನ 5 ಪರ್ಸೆಂಟ್. ಪಂಚಾಂಗದ ಕ್ಯಾಲೆಂಡರ್ ಗೋಡೆ ಮೇಲೆ ಹೇಗೂ ಇತ್ತು.

ಒಂದು ಆಪ್ ಇಷ್ಟು ಕಾಟ ಕೊಡುವುದು ಹೇಗೆ ಅಂದ್ರೆ, 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದಲೂ ಫೋನಿಗೆ ಒಂದು ನಿದ್ದೆ ಕಲಿಸಿದ್ದಾರೆ. ಸ್ಕ್ರೀನ್ ಆಫ್ ಆಗಿ ಫೋನ್ ಅಲುಗಾಡದೆ ಇದ್ದರೆ ಅದು ಗಾಢ ನಿದ್ದೆಗೆ ಹೋಗುತ್ತದೆ, ಆಗಾಗ ಎದ್ದು ಎಲ್ಲ ಆಪ್‌ಗಳ ಕೆಲಸವನ್ನೂ ಒಟ್ಟಿಗೆ ಮುಗಿಸಿ ಮತ್ತೆ ಮಲಗುತ್ತದೆ. ಕೆಟ್ಟದಾಗಿ ಬರೆದ ಆಪ್ ಈ ನಿದ್ದೆ ಕೆಡಿಸುತ್ತಲೇ ಇರುತ್ತದೆ. ಅಂಥದ್ದು ಬೇಡವಾಗಿದ್ದರೆ ತೆಗೆದುಬಿಡಿ. ಬೇಕೇ ಬೇಕು ಅಂದ್ರೆ ಆ ಆಪ್‌ನ ಬ್ಯಾಟರಿ ಆಯ್ಕೆಗೆ ಹೋಗಿ ಹಿನ್ನೆಲೆ ಬಳಕೆಯನ್ನು ನಿರ್ಬಂಧಿಸಿ, ಲೊಕೇಶನ್ ಅನುಮತಿಯನ್ನು ಆಪ್ ಬಳಸುವಾಗ ಮಾತ್ರ ಅಂತ ಇಡಿ. ವಾಟ್ಸ್ಆ್ಯಪ್‌ಗೆ ಮಾತ್ರ ಹೀಗೆ ಮಾಡಬೇಡಿ, ಮೆಸೇಜು, ಕಾಲು ತಡವಾಗಿ ಬರುತ್ತವೆ. ಅದರಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಸಾಕು.

ಇನ್ನು ಹಗಲಿನ ಖರ್ಚು. ಇದರಲ್ಲಿ ದೊಡ್ಡ ಪಾಲು ಸ್ಕ್ರೀನಿನದು. ಬ್ರೈಟ್‌ನೆಸ್ ಆಟೋದಲ್ಲಿಡಿ, ಸ್ಕ್ರೀನ್ 30 ಸೆಕೆಂಡಿಗೆ ಆರುವಂತೆ ಮಾಡಿ. ಹೊಸ ಫೋನುಗಳಲ್ಲಿ 120 ಹರ್ಟ್ಸ್ ಅಂತ ಒಂದು ಆಯ್ಕೆ ಇರುತ್ತದೆ, ಅಂದ್ರೆ ಸ್ಕ್ರೀನ್ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ. ಅದನ್ನು 60ಕ್ಕೆ ಇಳಿಸಿ. ಲೆಕ್ಕ ನೋಡುವುದಕ್ಕೆ, ಮೆಸೇಜ್ ಓದುವುದಕ್ಕೆ 60 ಸಾಕು. ಬ್ಲೂಟೂತ್ ಆಫ್ ಮಾಡುವುದು, ವಾಲ್‌ಪೇಪರ್ ಬದಲಿಸುವುದು ಇವುಗಳಿಂದ ಉಳಿಯುವುದು ಬಹಳ ಕಡಿಮೆ, ಅದರ ಹಿಂದೆ ಬೀಳಬೇಡಿ.

ಪ್ರಶ್ನೆ: ಅಡಿಕೆ ತೋಟದ ಮನೆಯಲ್ಲಿ ಟವರ್ ಒಂದೇ ಕಡ್ಡಿ. ಫೋನ್ ಮುಟ್ಟದೆ ಜೇಬಲ್ಲಿಟ್ಟರೂ ಬಿಸಿಯಾಗುತ್ತದೆ, ಸಂಜೆಗೆ ಖಾಲಿ. ಕರೆಂಟ್ ಬಂದಾಗ ಮೋಟಾರಿನ ಮೊಬೈಲ್ ಸ್ಟಾರ್ಟರ್‌ನಿಂದ ಕಾಲ್ ಬರುತ್ತಿರುತ್ತದೆ, ಆಫ್ ಮಾಡುವ ಹಾಗೂ ಇಲ್ಲ. (ಚನ್ನಗಿರಿ ತಾಲೂಕು)

ಯಜಮಾನ್ರೇ, ಪಕ್ಕದಲ್ಲಿ ಕೂತವರ ಹತ್ತಿರ ಮೆಲ್ಲಗೆ ಮಾತಾಡುತ್ತೀರಿ, ತೋಟದ ಆ ತುದಿಯಲ್ಲಿ ಇರುವವರನ್ನು ಕೂಗಿ ಕರೆಯುತ್ತೀರಿ ಅಲ್ವಾ? ಫೋನ್ ಮಾಡುವುದೂ ಅದನ್ನೇ. ಟವರ್ ಹತ್ತಿರ ಇದ್ದರೆ ಕಡಿಮೆ ಶಕ್ತಿಯಲ್ಲಿ ಮಾತಾಡುತ್ತದೆ, ದೂರ ಇದ್ದರೆ ಜೋರು ಮಾಡುತ್ತದೆ. ನಿಮ್ಮ ಫೋನ್ ಬೆಳಗ್ಗೆಯಿಂದ ಕೂಗುತ್ತಲೇ ಇದೆ, ಅದಕ್ಕೇ ಬಿಸಿ. ಚಿತ್ರದುರ್ಗದ ಕೋಟೆ ಹತ್ತಿ ಬಂಡೆಗಳ ಸಂದಿಯಲ್ಲಿ ಸುತ್ತುವಾಗ ಚಾರ್ಜ್ ಬೇಗ ಇಳಿಯುವುದರಲ್ಲೂ ಕ್ಯಾಮೆರಾ ಜೊತೆ ಇದರ ಪಾಲಿದೆ, ಕಲ್ಲು ಸಿಗ್ನಲ್ ತಡೆಯುತ್ತದೆ.

ಮೊದಲು ಎರಡು ಸಿಮ್ ಇದೆಯಾ ನೋಡಿ. ಒಂದಕ್ಕೆ ತೋಟದಲ್ಲಿ ಸಿಗ್ನಲ್ಲೇ ಇಲ್ಲ ಅಂದ್ರೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಸಿಗ್ನಲ್ ಸಿಗದ ಸಿಮ್ ಟವರ್ ಹುಡುಕುತ್ತಲೇ ಇರುತ್ತದೆ, ಸುಮ್ನೆ ಚಾರ್ಜ್ ತಿನ್ನುತ್ತದೆ. ತೋಟದಲ್ಲಿರುವವರಿಗೆ ಇದೊಂದರಿಂದಲೇ ಎಷ್ಟೋ ಉಳಿಯುತ್ತದೆ. ಆಮೇಲೆ ನೆಟ್‌ವರ್ಕ್ ಆಯ್ಕೆಯಲ್ಲಿ 5ಜಿ ಬಿಟ್ಟು 4ಜಿಗೆ ಇಡಿ. ಅಲ್ಲೊಮ್ಮೆ ಇಲ್ಲೊಮ್ಮೆ ಸಿಗುವ 5ಜಿ ಹಿಂದೆ ಫೋನ್ ಹೋಗಿ ಬಂದು ಮಾಡುವುದು ನಿಲ್ಲುತ್ತದೆ. 2ಜಿಗೆ ಮಾತ್ರ ಇಳಿಸಬೇಡಿ. ಕೆಲವು ಕಂಪನಿಗಳಿಗೆ 2ಜಿ ಇಲ್ಲವೇ ಇಲ್ಲ, ಸ್ಟಾರ್ಟರ್ ಕಾಲ್ ಕೂಡ ಬರದೇ ಹೋಗುತ್ತದೆ.

ತೋಟದ ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಕಾಲ್ ವೈಫೈ ಮೂಲಕವೇ ಬರುತ್ತದೆ. ಇಲ್ಲದಿದ್ದರೆ ಫೋನನ್ನು ಒಳಕೋಣೆಯಲ್ಲಿ ಇಡದೆ ಪಡಸಾಲೆ ಕಿಟಕಿ ಹತ್ತಿರ, ಎರಡು ಕಡ್ಡಿ ಕಾಣುವ ಜಾಗದಲ್ಲಿ ಇಡಿ. ಇಷ್ಟಾದರೂ ಸಾಲದಿದ್ದರೆ ಸ್ಟಾರ್ಟರ್‌ಗೆ ಕೊಟ್ಟ ನಂಬರಿನ ಸಿಮ್ಮನ್ನು ಒಂದು 4ಜಿ ಕೀಪ್ಯಾಡ್ ಫೋನಿಗೆ ಹಾಕಿಬಿಡಿ. ನಡುರಾತ್ರಿ ಕರೆಂಟ್ ಬಂದಾಗ ಕಾಲ್ ತಪ್ಪಿದರೆ ನೀರು ತಪ್ಪುತ್ತದೆ, ಅದನ್ನು ಸ್ಮಾರ್ಟ್‌ಫೋನ್ ಬ್ಯಾಟರಿ ನಂಬಿ ಬಿಡುವುದು ಬೇಡ.

ಪ್ರಶ್ನೆ: ಬೈಕಿನಲ್ಲಿ ಪಾರ್ಸೆಲ್ ಕೊಡುವ ಕೆಲಸ. ಹ್ಯಾಂಡಲ್ ಮೇಲೆ ಫೋನ್, ಮ್ಯಾಪ್ ಸದಾ ಆನ್, ಪವರ್ ಬ್ಯಾಂಕ್ ಹಾಕಿರುತ್ತೇನೆ. ಮಧ್ಯಾಹ್ನ ಸ್ಕ್ರೀನ್ ಮಂಕಾಗುತ್ತದೆ, ಚಾರ್ಜ್ ಏರುವುದೇ ಇಲ್ಲ. (ಚಳ್ಳಕೆರೆ)

ತಮ್ಮಾ, ಬೇಸಿಗೆ ಕಾರಣ ಅಂದೆನಲ್ಲ, ಇದೇ ಅದು. ಐಫೋನ್ ಕಂಪನಿಯೇ ತನ್ನ ಫೋನ್ ಬಳಸಲು 0ಯಿಂದ 35 ಡಿಗ್ರಿ ಒಳಗಿನ ಹವೆ ಇರಬೇಕು ಅನ್ನುತ್ತದೆ. ಏಪ್ರಿಲ್‌ನಲ್ಲಿ ಚಳ್ಳಕೆರೆಯ ಮಧ್ಯಾಹ್ನ ನೆರಳಲ್ಲೇ ಅದನ್ನು ದಾಟುತ್ತದೆ. ನಿನ್ನ ಫೋನ್ ಇರುವುದು ಬಿಸಿಲಲ್ಲಿ. ಅದರ ಮೇಲೆ ಮ್ಯಾಪ್, ಪೂರ್ತಿ ಬ್ರೈಟ್‌ನೆಸ್, ಚಾರ್ಜಿಂಗ್, ಮೂರೂ ಬಿಸಿ ಮಾಡುವಂಥವೇ. ಫೋನ್ ತನ್ನನ್ನು ಉಳಿಸಿಕೊಳ್ಳಲು ಸ್ಕ್ರೀನ್ ಮಂಕು ಮಾಡಿ ಚಾರ್ಜ್ ನಿಲ್ಲಿಸುತ್ತಿದೆ. ಅದು ಕೆಟ್ಟಿಲ್ಲ. ಆದರೆ ಹೀಗೇ ಬಿಟ್ಟರೆ ಕೆಡುತ್ತದೆ, ಯಾಕಂದ್ರೆ ಬಿಸಿಯಲ್ಲಿ ಬ್ಯಾಟರಿ ಒಳಗಿನ ರಾಸಾಯನಿಕ ಬೇಗ ಹಾಳಾಗಿ, ಹೋದ ಸಾಮರ್ಥ್ಯ ಮತ್ತೆ ಬರುವುದಿಲ್ಲ.

ಬಿಸಿಲಲ್ಲಿ ಓಡಿಸುವಾಗ ಚಾರ್ಜ್ ಮಾಡಬೇಡ. ಊಟಕ್ಕೆ, ಟೀಗೆ ನಿಂತಾಗ ನೆರಳಲ್ಲಿ ಕವರ್ ತೆಗೆದು ಚಾರ್ಜಿಗೆ ಹಾಕು. ಮ್ಯಾಪ್‌ನಲ್ಲಿ ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗದ ಭಾಗವನ್ನು ಮನೆಯ ವೈಫೈನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೋ. ಗೊತ್ತಿರುವ ರಸ್ತೆಯಲ್ಲಿ ಸ್ಕ್ರೀನ್ ಆಫ್ ಮಾಡಿ ದಾರಿಯನ್ನು ಧ್ವನಿಯಲ್ಲೇ ಕೇಳು, ಫೋನ್ ಬ್ಯಾಗಿನೊಳಗಿರಲಿ. ಹ್ಯಾಂಡಲ್ ನಡುಕ ಕ್ಯಾಮೆರಾಗೂ ಒಳ್ಳೆಯದಲ್ಲ. ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿ ಇಡುವವರಿದ್ದಾರೆ, ಒಳಗೆ ನೀರಿನ ಹನಿ ಕಟ್ಟುತ್ತದೆ, ಅದು ಬೇಡವೇ ಬೇಡ.

ಪ್ರಶ್ನೆ: ನಿವೃತ್ತ ಶಿಕ್ಷಕ. ಫೋನಿಗೆ ನಾಲ್ಕು ವರ್ಷ. 35 ಪರ್ಸೆಂಟ್ ಇರುವಾಗಲೇ ಮಗಳ ವಿಡಿಯೋ ಕಾಲ್ ಬಂದರೆ ಪಟ್ಟನೆ ಆಫ್ ಆಗುತ್ತದೆ. ಪೂರ್ತಿ ಖಾಲಿ ಮಾಡಿ ರಾತ್ರಿಯಿಡೀ ಚಾರ್ಜ್ ಮಾಡಿದರೆ ಸರಿಹೋಗುತ್ತದೆ ಅಂತಾರೆ, ನಿಜವೇ? (ಚಿತ್ರದುರ್ಗ)

ನಿಜ ಅಲ್ಲ ಮೇಷ್ಟ್ರೇ. ಅದು ಹಿಂದಿನ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವುದರಿಂದ ಅದಕ್ಕೆ ಕಷ್ಟವೇ. ನಿಮ್ಮದು ನಿಜವಾಗಿಯೂ ಹಳೇದಾದ ಬ್ಯಾಟರಿ. ವಯಸ್ಸಾದಂತೆ ಅದರ ಒಳಗಿನ ತಡೆ ಜಾಸ್ತಿಯಾಗುತ್ತದೆ. ಸುಮ್ಮನಿದ್ದಾಗ ಸರಿಯಿರುತ್ತದೆ, ವಿಡಿಯೋ ಕಾಲ್ ಬಂದು ಒಮ್ಮೆಲೇ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿದು ಫೋನ್ ಆಫ್ ಆಗುತ್ತದೆ. ಇಲ್ಲಿ ಅಳೆಯುವ ಅಗತ್ಯ ಇಲ್ಲ, ಬದಲಿಸಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ, ಬಿಲ್ ತಗೊಳ್ಳಿ. ಸ್ವಲ್ಪ ದುಡ್ಡು ಉಳಿಸಲು ಹೆಸರಿಲ್ಲದ ಬ್ಯಾಟರಿ ಹಾಕಿಸಬೇಡಿ, ಅದನ್ನು ದಿನವೂ ಕಿವಿ ಹತ್ತಿರ ಹಿಡಿಯುತ್ತೀರಿ.

ಹೊಸದು ಹಾಕಿಸಿದ ಮೇಲೆ 20ರಿಂದ 80ರ ನಡುವೆ ಇಟ್ಟರೆ ಹೆಚ್ಚು ವರ್ಷ ಬರುತ್ತದೆ. ಈಗ ಬಹಳ ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಅದು ಆನ್ ಇದ್ದರೆ ರಾತ್ರಿ ಚಾರ್ಜಿಗೆ ಬಿಟ್ಟರೂ ಚಿಂತೆಯಿಲ್ಲ, ದಿಂಬಿನ ಕೆಳಗೆ ಮಾತ್ರ ಇಡಬೇಡಿ. ಊರಿಗೆ ಹೋಗುವ ದಿನ 100 ಮಾಡಿಕೊಳ್ಳಿ, ಏನೂ ಆಗುವುದಿಲ್ಲ.

ಪ್ರಶ್ನೆ: ಬ್ಯಾಟರಿ ಸೇವರ್ ಆಪ್ ಹಾಕಿಕೊಳ್ಳಬಹುದಾ? ಡಾರ್ಕ್ ಮೋಡ್‌ನಿಂದ ಎಷ್ಟು ಉಳಿಯುತ್ತದೆ? (ಹರಿಹರ, ಹೊಳಲ್ಕೆರೆ ಕಡೆಯಿಂದ ಹಲವರು)

ಹೊರಗಿನ ಸೇವರ್ ಆಪ್ ಬೇಡ. ಅವು ಬೇರೆ ಆಪ್‌ಗಳನ್ನು ಮುಚ್ಚುತ್ತವೆ, ಅವು ಮತ್ತೆ ತೆರೆದುಕೊಳ್ಳುತ್ತವೆ, ಮತ್ತೆ ಮುಚ್ಚುತ್ತವೆ, ಈ ಓಡಾಟಕ್ಕೇ ಚಾರ್ಜ್ ಹೋಗುತ್ತದೆ. ಫೋನಿನಲ್ಲೇ ಇರುವ ಬ್ಯಾಟರಿ ಸೇವರ್ ಚೆನ್ನಾಗಿದೆ, ಅದನ್ನು ಬಳಸಿ. ಪದೇ ಪದೇ ಎಲ್ಲ ಆಪ್ ಸರಿಸಿ ಮುಚ್ಚುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಪ್ರತಿ ಸಲ ಹೊಸದಾಗಿ ತೆರೆಯಲು ಜಾಸ್ತಿ ಖರ್ಚು.

ಡಾರ್ಕ್ ಮೋಡ್ ಕೆಲಸ ಮಾಡುವುದು ಒಎಲ್ಇಡಿ ಸ್ಕ್ರೀನಿನಲ್ಲಿ. ಅದರಲ್ಲಿ ಕಪ್ಪು ಅಂದ್ರೆ ಆ ಚುಕ್ಕಿ ಆರಿಯೇ ಇರುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಿರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಒಎಲ್ಇಡಿ ಫೋನುಗಳನ್ನು ಅಳೆದು ನೋಡಿದಾಗ, ಬ್ರೈಟ್‌ನೆಸ್ 30ರಿಂದ 50 ಪರ್ಸೆಂಟ್ ಇದ್ದರೆ ಉಳಿತಾಯ 3ರಿಂದ 9 ಪರ್ಸೆಂಟ್ ಅಷ್ಟೇ ಇತ್ತು, ಪೂರ್ತಿ ಬ್ರೈಟ್‌ನೆಸ್‌ನಲ್ಲಿ 39ರಿಂದ 47ರವರೆಗೆ. ಮನೆಯೊಳಗೆ ಕೂತು ಓದುವವರಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಬಯಲಲ್ಲಿ, ಬಿಸಿಲಲ್ಲಿ ಫೋನ್ ನೋಡಬೇಕಾದವರು ಆನ್ ಮಾಡಿಕೊಳ್ಳಿ, ಅಲ್ಲಿ ಅಕ್ಷರ ಸರಿಯಾಗಿ ಕಾಣುತ್ತಿದ್ದರೆ ಹಾಗೇ ಇರಲಿ.